ಮಾರಿದ ಮೇಲೆ ಪರಿಶೀಲನೆ

ಸೂರಜ್‌ಕುಂಡದ ಮೇಳಕ್ಕೆ ವರ್ಷವರ್ಷವೂ ಹೋಗಿಬರುವ ರಾಜಧಾನಿಯ ಕನ್ನಡಿಗರಲ್ಲಿ ಎಷ್ಟು ಮಂದಿ ನೆರೆಯ ಅನಂಗಪುರವನ್ನು ಕಂಡಿದ್ದಾರೋ ನಾನರಿಯೆ. ತೋಮರ ಅರಸ ಅನಂಗಪಾಲನ ಹೆಸರಿನೊಂದಿಗೆ ಬೆಸೆದುಬಂದ ಕಲ್ಲಿನ ಅಣೆಕಟ್ಟೊಂದು ಅಲ್ಲಿ ಇಂದಿಗೂ ನಿಂತಿದೆ. ಅರಾವಳಿಯ ಈ ಒಣಗುಡ್ಡಗಳಲ್ಲಿ ಬಿದ್ದ ಮಳೆಯನ್ನು ಹಿಡಿದಿಡಬೇಕೆಂಬುದು ಅಂದಿನವರಿಗೆ ತಿಳಿದಿತ್ತು. ಅದೇ ಊರಿನ ನೆಲದಲ್ಲಿ ನಮ್ಮ ಕಾಲದ ಆಡಳಿತವು ಕಾಂತ್ ಎನ್‌ಕ್ಲೇವ್ ಎಂಬ ಬಡಾವಣೆಗೆ ದಾರಿ ಮಾಡಿಕೊಟ್ಟಿತು. ಮೂವತ್ತನಾಲ್ಕು ವರ್ಷಗಳ ಅನಂತರ ನ್ಯಾಯಾಲಯವು ಅದನ್ನು ಕೆಡವಿಸಬೇಕಾಯಿತು.

ಪ್ರಕರಣದ ವಿವರಗಳನ್ನು ನೆನಪಿಸಿಕೊಳ್ಳುವುದು ಅಗತ್ಯ. 1984ರ ಏಪ್ರಿಲ್‌ನಲ್ಲಿ ಚಲನಚಿತ್ರ ಸ್ಟುಡಿಯೋ ಮತ್ತು ಅದಕ್ಕೆ ಹೊಂದಿಕೊಂಡ ಸಂಕೀರ್ಣದ ಹೆಸರಿನಲ್ಲಿ, ಸುಮಾರು 424 ಎಕರೆ ಭೂಮಿಗೆ ಹರಿಯಾಣ ಸರ್ಕಾರ ನಗರಾಭಿವೃದ್ಧಿ ಕಾಯಿದೆಯಿಂದ ವಿನಾಯಿತಿ ನೀಡಿತು. ಸ್ಟುಡಿಯೋ ಹಿನ್ನೆಲೆಗೆ ಸರಿದು ನಿವೇಶನಗಳು ಮುಂದೆ ಬಂದವು. 1992ರ ಆಗಸ್ಟ್ 18ರಂದು ಅದೇ ಸರ್ಕಾರ, 1900ರ ಪಂಜಾಬ್ ಭೂಸಂರಕ್ಷಣಾ ಕಾಯಿದೆಯಡಿ ಅಧಿಸೂಚನೆ ಹೊರಡಿಸಿ, ನೆಲವನ್ನು ಅಗೆಯುವುದನ್ನೂ ಮರ ಕಡಿಯುವುದನ್ನೂ ನಿರ್ಬಂಧಿಸಿತು. ಹೀಗಿದ್ದೂ ನಗರ ಯೋಜನಾ ಇಲಾಖೆ ಒಪ್ಪಿಗೆ ಕೊಡುತ್ತಲೇ ಹೋಯಿತು, ಅರಣ್ಯ ಇಲಾಖೆ ಆಕ್ಷೇಪಿಸುತ್ತಲೇ ಹೋಯಿತು. ಒಂದೇ ಸರ್ಕಾರದ ಬಲಗೈ ಬರೆದುದನ್ನು ಎಡಗೈ ಅಳಿಸುತ್ತಿತ್ತು. ಕೊಂಡವನಿಗೆ ತೋರಿಸಿದ್ದು ಮಾತ್ರ ಬಲಗೈಯ ಕಾಗದ.

2018ರ ಸೆಪ್ಟೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತ ಅವರು 1992ರ ಅಧಿಸೂಚನೆಯ ಅನಂತರ ಎದ್ದ ಕಟ್ಟಡಗಳನ್ನು ಕೆಡವಲು ಆದೇಶಿಸಿದರು. ಖಾಲಿ ನಿವೇಶನ ಕೊಂಡವರಿಗೆ ಕಂಪನಿಯು ಶೇಕಡಾ 18ರ ಬಡ್ಡಿಯೊಡನೆ ಹಣ ಮರಳಿಸಬೇಕು. ಮನೆ ಕಟ್ಟಿದವರಿಗೆ 50 ಲಕ್ಷ ರೂಪಾಯಿ ಪರಿಹಾರ, ಅದರಲ್ಲಿ ಅರ್ಧ ಕಂಪನಿಯದು, ಅರ್ಧ ನಗರ ಯೋಜನಾ ಇಲಾಖೆಯದು. ಇಲಾಖೆಯ ಅರ್ಧವೆಂದರೆ ತೆರಿಗೆ ಕೊಟ್ಟ ಹರಿಯಾಣದ ಪ್ರಜೆಯದು ಎಂದೇ ಅರ್ಥ. ಸಹಿ ಮಾಡಿದ ಕೈಗಳಿಗೆ ಆ ಭಾರ ತಟ್ಟಲಿಲ್ಲ.

1900ರ ಕಾಯಿದೆ ಹುಟ್ಟಿದ್ದು ಶಿವಾಲಿಕ ತಪ್ಪಲಿನ ಹಳ್ಳಗಳು ಮರಳು ಹೊತ್ತು ತಂದು ಹೊಲಗಳನ್ನು ನುಂಗುತ್ತಿದ್ದಾಗ. ಮಣ್ಣನ್ನೂ ಅಂತರ್ಜಲವನ್ನೂ ಕಾಯುವುದು ಅದರ ಉದ್ದೇಶ. ಅರಾವಳಿಯ ಬಿರುಕುಬಿಟ್ಟ ಬೆಣಚುಕಲ್ಲು ಮಳೆಯನ್ನು ಒಳಗಿಳಿಸುತ್ತದೆ. ಅದರ ಮೇಲೆ ಕಾಂಕ್ರೀಟು ಹಾಸಿದರೆ ನೀರು ಚರಂಡಿ ಸೇರುತ್ತದೆ. ಇದೇ ಜಿಲ್ಲೆಯ ಬಡಖಲ್ ಸರೋವರ ಈ ಶತಮಾನದ ಆರಂಭದಲ್ಲಿ ಬತ್ತಿಹೋದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆಯುವ ನಗರಕ್ಕೆ ಮನೆ ಬೇಡವೇ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಯಾರ ಮನೆ? ಕಾಂತ್ ಎನ್‌ಕ್ಲೇವ್ ಉಳ್ಳವರ ಬಂಗಲೆಗಳ ಬಡಾವಣೆ. ಅದೇ ಗುಡ್ಡಸಾಲಿನ ಖೋರಿಯಲ್ಲಿ ಕೂಲಿಕಾರರು ದಲ್ಲಾಳಿಗಳಿಗೆ ಹಣ ತೆತ್ತು ಕಟ್ಟಿಕೊಂಡ ಸುಮಾರು ಹತ್ತು ಸಾವಿರ ಮನೆಗಳನ್ನು ತೆರವುಗೊಳಿಸಲು 2021ರ ಜೂನ್ 7ರಂದು ಆದೇಶವಾಯಿತು. ಕೊಟ್ಟದ್ದು ಆರು ವಾರಗಳ ಗಡುವು, ಅದೂ ಮಹಾಮಾರಿಯ ಎರಡನೆಯ ಅಲೆಯ ಬೆನ್ನಲ್ಲೇ. ಅವರಿಗೆ 50 ಲಕ್ಷದ ಮಾತಿರಲಿಲ್ಲ. ದಾಖಲೆಗಳನ್ನು ತೋರಿಸಿ ಅರ್ಹರೆಂದು ಸಿದ್ಧಪಡಿಸಿಕೊಂಡವರಿಗೆ ಮಾತ್ರ ಡಬುವಾ ಕಾಲನಿಯ ಫ್ಲ್ಯಾಟು. ಕಾಡು ಉಳಿಯಬೇಕೆನ್ನುವ ನಾವು ಈ ತಾರತಮ್ಯವನ್ನು ಕಂಡೂ ಕಾಣದಂತಿರುವುದು ಸಲ್ಲದು.

ನಮ್ಮ ನಾಡಿನ ಸ್ಥಿತಿಯೂ ಬೇರೆಯಲ್ಲ. ಬೆಂಗಳೂರಿಗೆ 1930ರ ದಶಕದಿಂದ ನೀರುಣಿಸಿದ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನದಲ್ಲಿ ಕಟ್ಟಡಗಳನ್ನು ನಿಯಂತ್ರಿಸುವ ಅಧಿಸೂಚನೆ ಹೊರಟದ್ದು 2003ರಲ್ಲಿ. ಅಷ್ಟರಲ್ಲಿ ಅರ್ಕಾವತಿಯ ಹರಿವು ಸೊರಗಿಹೋಗಿತ್ತು. ಧರ್ಮಾಂಬುಧಿ ಕೆರೆಯಂತೂ ಬಸ್ ನಿಲ್ದಾಣವಾಗಿದೆ.

ಪರಿಶೀಲನೆಯೆಂಬುದು ನಿವೇಶನ ಮಾರುವ ಮುನ್ನ ನಡೆಯಬೇಕು. ಅರಣ್ಯ ಮತ್ತು ಅಂತರ್ಜಲ ಇಲಾಖೆಗಳ ಲಿಖಿತ ಅಭಿಪ್ರಾಯ ಊರಿನವರ ಮುಂದೆ, ಊರಿನವರ ಭಾಷೆಯಲ್ಲಿ ಬಹಿರಂಗವಾಗಬೇಕು. ಅಲ್ಲಿಯವರೆಗೆ ಒಂದು ರೂಪಾಯಿ ಮುಂಗಡವನ್ನೂ ಪಡೆಯಬಾರದು. ಆಕ್ಷೇಪವನ್ನು ಮೀರಿ ಒಪ್ಪಿಗೆ ಕೊಡುವ ಅಧಿಕಾರಿ ತನ್ನ ಕಾರಣಗಳನ್ನು ಹೆಸರು ಹಾಕಿ ಬರೆಯಬೇಕು. ಇದು ಅತಿಯಾದ ಬೇಡಿಕೆಯೆಂದು ನನಗೆ ತೋರುವುದಿಲ್ಲ.

ಆದರೆ ಹರಿಯಾಣದ ವಿಧಾನಸಭೆ ಹಿಡಿದ ದಾರಿ ಬೇರೆ. ತೀರ್ಪು ಬಂದ ಆರೇ ತಿಂಗಳೊಳಗೆ, 2019ರ ಫೆಬ್ರವರಿಯಲ್ಲಿ, ಅದು 1900ರ ಕಾಯಿದೆಯನ್ನೇ ಸಡಿಲಿಸುವ ತಿದ್ದುಪಡಿಯನ್ನು ಅಂಗೀಕರಿಸಿತು. ಅದನ್ನು ಜಾರಿಗೆ ತರಬಾರದೆಂದು ಸರ್ವೋಚ್ಚ ನ್ಯಾಯಾಲಯ ಮಾರ್ಚ್ ಒಂದರಂದು ತಡೆಯಿತು. ಇತ್ತ 2025ರ ನವೆಂಬರ್‌ನಲ್ಲಿ, ಸುತ್ತಲಿನ ನೆಲಕ್ಕಿಂತ ನೂರು ಮೀಟರ್ ಎತ್ತರವಿದ್ದುದೇ ಅರಾವಳಿ ಬೆಟ್ಟವೆಂಬ ವ್ಯಾಖ್ಯೆಯನ್ನು ಒಪ್ಪಿದ ಅದೇ ನ್ಯಾಯಾಲಯ, ಡಿಸೆಂಬರ್ 29ರಂದು ಆ ಆದೇಶವನ್ನು ತಾನೇ ತಡೆಹಿಡಿಯಿತು. ದೆಹಲಿಯ ಸುತ್ತಿನ ದಿಣ್ಣೆಗಳನ್ನು ಬಲ್ಲವರಿಗೆ ಗೊತ್ತು, ಆ ಅಳತೆಗೋಲಿಗೆ ನಿಲುಕುವ ಎತ್ತರ ಅವುಗಳಲ್ಲಿ ಬಹುಪಾಲಿಗಿಲ್ಲ. ಫರೀದಾಬಾದ್, ಗುರುಗ್ರಾಮಗಳಲ್ಲಿ ನಿವೇಶನ ಹುಡುಕುತ್ತಿರುವ ನಮ್ಮವರು ಮಾರಾಟಗಾರನ ಬಳಿ ಮೊದಲು ಕೇಳಬೇಕಾದುದು ಮೆಟ್ರೋ ಎಷ್ಟು ದೂರ ಎಂಬುದನ್ನಲ್ಲ. ಆ ಸರ್ವೆ ನಂಬರಿನ ಮೇಲೆ ಭೂಸಂರಕ್ಷಣಾ ಕಾಯಿದೆಯ ನಾಲ್ಕನೆಯ ಅಥವಾ ಐದನೆಯ ವಿಧಿಯ ಆದೇಶವಿದೆಯೇ ಎಂಬುದನ್ನು. ಉತ್ತರವನ್ನು ಅರಣ್ಯ ಇಲಾಖೆಯ ಕಚೇರಿಯಿಂದಲೇ ಬರೆಸಿ ತರಲಿ.