ಅಡುಗೆಮನೆಯಲ್ಲೊಂದು ಜೀವಕೋಶದ ಪಾಠ



ಪರೀಕ್ಷೆ ಹತ್ತಿರ ಬಂದಾಗ ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಮಗಳು ವಿಜ್ಞಾನದ ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ. "ಅಮ್ಮಿ, ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಏನು ವ್ಯತ್ಯಾಸ?" ಉಳ್ಳಾಗಡ್ಡಿ ಹೆಚ್ಚುತ್ತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳುತ್ತಾಳೆ: "ನನಗೇನು ತಿಳಿಯುತ್ತದೆ ಬೇಟಾ? ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು."

ಸಹೋದರಿ, ಹಾಗೆ ಹೇಳಬೇಡಿ. ಅವಳು ಕೇಳಿದ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ಈಳಿಗೆಯ ಕೆಳಗೇ ಇದೆ.

ಗೋಡೆಗೆ ಇಟ್ಟಿಗೆ ಇದ್ದಂತೆ ಜೀವಿಗಳ ದೇಹಕ್ಕೆ ಜೀವಕೋಶ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬೂಚಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಪುಟ್ಟ ಪುಟ್ಟ ಕೋಣೆಗಳು ಕಂಡವು. ಅವಕ್ಕೆ 'ಸೆಲ್' ಎಂದು ಹೆಸರಿಟ್ಟನು. ಅರಬಿಯಲ್ಲಿ ಜೀವಕೋಶವನ್ನು 'ಖಲಿಯ್ಯ' ಎನ್ನುತ್ತಾರೆ. ಜೇನುಗೂಡಿಗೂ ಅದೇ ಪದ. ಎಷ್ಟು ಸರಿಯಾದ ಹೋಲಿಕೆ ನೋಡಿ!

ಉಳ್ಳಾಗಡ್ಡಿ ಹೆಚ್ಚಿದಾಗ ಕಣ್ಣೀರು ಬರುವುದೇಕೆ? ಇಡೀ ಗಡ್ಡೆಯನ್ನು ಕೈಯಲ್ಲಿ ಹಿಡಿದರೆ ಬರುವುದಿಲ್ಲ. ಅದರ ಪ್ರತಿಯೊಂದು ಕೋಶದಲ್ಲಿ ಒಂದು ಗಂಧಕಯುಕ್ತ ಪದಾರ್ಥ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ನಡುವೆ ತೆಳುವಾದ ಪೊರೆಯ ಪರದೆ. ಈಳಿಗೆ ತಗುಲಿದಾಗ ಪರದೆ ಹರಿದು ಎರಡೂ ಬೆರೆಯುತ್ತವೆ. ಕಣ್ಣುರಿಸುವ ಅನಿಲ ಹುಟ್ಟುತ್ತದೆ. ಹರಿತವಾದ ಚಾಕುವಿನಿಂದ ಹೆಚ್ಚಿದರೆ ಕೋಶಗಳು ಕಡಿಮೆ ಜಜ್ಜಿ ಹೋಗುತ್ತವೆ, ಕಣ್ಣೀರೂ ಕಡಿಮೆ. ಕೋಶವೆಂದರೆ ಬರೀ ಚೀಲವಲ್ಲ, ಒಳಗೆ ಬೇರೆ ಬೇರೆ ಕೋಣೆಗಳಿರುವ ಮನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಹೊರಗೆ ಬನ್ನಿ. ನಮ್ಮ ದಿಗ್ಗೇವಾಡಿಯ ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು. ಗಾಣಕ್ಕೆ ಕಬ್ಬು ಕೊಟ್ಟರೆ ಒಂದು ಕಡೆ ಹಾಲು ಇಳಿಯುತ್ತದೆ, ಇನ್ನೊಂದು ಕಡೆ ಸಿಪ್ಪೆ ಬೀಳುತ್ತದೆ. ಕಬ್ಬಿನ ಕೋಶದ ಮಧ್ಯೆ ಇರುವ ದೊಡ್ಡ ಚೀಲದ ಹೆಸರು ರಸದಾನಿ. ಸಕ್ಕರೆ ಸಂಗ್ರಹವಾಗುವುದು ಅಲ್ಲಿಯೇ. ಸಿಪ್ಪೆಯಾಗಿ ಉಳಿಯುವುದು ಬಹುಮಟ್ಟಿಗೆ ಕೋಶಭಿತ್ತಿ, ಅಂದರೆ ಸೆಲ್ಯುಲೋಸ್‌ನ ಗಟ್ಟಿ ಗೋಡೆ. ಮೂಳೆಯಿಲ್ಲದ ಕಬ್ಬು ಆಳೆತ್ತರ ಮೀರಿ ನಿಲ್ಲುವುದಕ್ಕೆ ಈ ಗೋಡೆಗಳ ಬಲವೇ ಕಾರಣ. ಪ್ರಾಣಿಕೋಶಕ್ಕೆ ಭಿತ್ತಿ ಇಲ್ಲ. ರಸದಾನಿ ಇದ್ದರೂ ತೀರಾ ಚಿಕ್ಕದು.

ಭಿತ್ತಿಯ ಒಳಬದಿಗೆ ಕೋಶಪೊರೆ ಇದೆ. ಪ್ರಾಣಿಕೋಶಕ್ಕೆ ಇದೇ ಹೊರಗಿನ ಆವರಣ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಕಾಯುವ ಬಾಗಿಲು ಇದು. ಹೆಚ್ಚಿದ ಉಳ್ಳಾಗಡ್ಡಿಗೆ ಉಪ್ಪು ಹಾಕಿಡಿ, ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಹೊರಗೆ ಉಪ್ಪು ಹೆಚ್ಚಾದಾಗ ಪೊರೆಯ ಮೂಲಕ ನೀರು ಹೊರಗೆ ಹೋಗುತ್ತದೆ. ಕೃಷ್ಣಾ ಸೀಮೆಯಲ್ಲಿ ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಅಲ್ಲಿ ಮಣ್ಣು ತೇವವಾಗಿದ್ದರೂ ಪೈರು ಸೊರಗುವುದೇಕೆ ಎಂದು ಈಗ ತಿಳಿಯಿತಲ್ಲವೇ? ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿನ ಕೋಶಗಳಿಗೆ ನೀರೆಳೆದುಕೊಳ್ಳುವುದು ಕಷ್ಟ. ಆಸ್ಪತ್ರೆಯ ಸಲಾಯಿನ್‌ನಲ್ಲಿ 100 ಮಿಲಿಲೀಟರ್‌ಗೆ 0.9 ಗ್ರಾಂ ಉಪ್ಪು ಇರುವುದಕ್ಕೂ ಇದೇ ಕಾರಣ. ಬರೀ ನೀರನ್ನು ರಕ್ತಕ್ಕೆ ಸೇರಿಸಿದರೆ ಗೋಡೆಯಿಲ್ಲದ ಕೆಂಪು ರಕ್ತಕಣಗಳು ಉಬ್ಬಿ ಒಡೆದುಹೋಗುತ್ತವೆ.

ಮೂರನೆಯ ವ್ಯತ್ಯಾಸ ಕ್ಲೋರೋಪ್ಲಾಸ್ಟ್. ಎಲೆಗಳ ಹಸಿರು ಇರುವುದು ಇದರಲ್ಲಿ. ಬಿಸಿಲು, ನೀರು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿಸಿ ಆಹಾರ ತಯಾರಿಸುವ ಒಲೆ ಇದು. ಪ್ರಾಣಿಗಳಿಗೆ ಈ ಒಲೆ ಇಲ್ಲ, ಆದ್ದರಿಂದಲೇ ನಿಮಗೆ ಒಲೆ ಹಚ್ಚುವ ಕೆಲಸ! ನೆನಪಿಡಿ, ಬಿಳಿ ಗಡ್ಡೆಯ ಕೋಶದಲ್ಲಿ ಕ್ಲೋರೋಪ್ಲಾಸ್ಟ್ ಇರುವುದಿಲ್ಲ. ಅದೇ ಗಿಡದ ಹಸಿರು ಎಲೆಯಲ್ಲಿ ಇರುತ್ತದೆ.

ಉಳಿದ ಮುಖ್ಯ ಭಾಗಗಳು ಎರಡಕ್ಕೂ ಸಮಾನ. ಕೋಶದೊಳಗೆ ತುಂಬಿರುವ ಲೋಳೆಯಂಥ ಕೋಶದ್ರವ್ಯ, ಪ್ರೋಟೀನು ತಯಾರಿಸುವ ರೈಬೋಸೋಮ್, ಶಕ್ತಿ ಒದಗಿಸುವ ಮೈಟೋಕಾಂಡ್ರಿಯ, ಎಲ್ಲವನ್ನೂ ನಿರ್ದೇಶಿಸುವ ಕೋಶಕೇಂದ್ರ.

ಈ ಕೋಶಕೇಂದ್ರದ ಬಳಿ ಸ್ವಲ್ಪ ನಿಲ್ಲೋಣ. ನಮ್ಮ ದೇಹದ ಬಹುತೇಕ ಕೋಶಗಳ ಕೇಂದ್ರದಲ್ಲಿ 46 ವರ್ಣತಂತುಗಳಿವೆ. ತಾಯಿಯಿಂದ 23, ತಂದೆಯಿಂದ 23. ತಾಯಿಯ ಅಂಡಾಣುವಿನಲ್ಲಿ ಇರುವುದು 'ಎಕ್ಸ್' ಮಾತ್ರ. ತಂದೆಯ ಕಡೆಯಿಂದ 'ಎಕ್ಸ್' ಬಂದರೆ ಹೆಣ್ಣು, 'ವೈ' ಬಂದರೆ ಗಂಡು. ಹೀಗಿದ್ದೂ ಮೂರನೆಯದೂ ಹೆಣ್ಣಾಯಿತೆಂದು ಬಾಣಂತಿಯ ಮುಖ ನೋಡದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಸೊಸೆಯನ್ನು ಬಿಟ್ಟು ಮಗನನ್ನು ದೂರಿರಿ ಎಂದು ನಾನು ಹೇಳುತ್ತಿಲ್ಲ. ಅವನ ಕೈಯಲ್ಲೂ ಏನೂ ಇಲ್ಲ. ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ತಾನಿಚ್ಛಿಸಿದವರಿಗೆ ಕೊಡುವವನು ಅಲ್ಲಾಹನೇ ಎಂದು ಸೂರಃ ಶೂರಾ ತಿಳಿಸುತ್ತದೆ. ಅವನ ಕೊಡುಗೆಗಾಗಿ ತಾಯಿಯನ್ನು ಹೀಯಾಳಿಸುವವರು ದೀನನ್ನೂ ಅರಿತಿಲ್ಲ, ವಿಜ್ಞಾನವನ್ನೂ ಅರಿತಿಲ್ಲ.

ಮತ್ತೊಂದು ಮಾತು. ಮಗು ಗಂಡಾಗಲಿ ಹೆಣ್ಣಾಗಲಿ, ಅದರ ಮೈಟೋಕಾಂಡ್ರಿಯಗಳು ಬರುವುದು ತಾಯಿಯ ಅಂಡಾಣುವಿನಿಂದ. ನಿಮ್ಮ ಮಗಳು ಓಡುವ, ಓದುವ, ನಗುವ ಶಕ್ತಿಯ ಹಿಂದೆ ನೀವು ಕೊಟ್ಟದ್ದು ಇದೆ. ನಿಮ್ಮ ತಾಯಿ, ಅವರ ತಾಯಿ ಕೊಟ್ಟದ್ದೂ ಇದೆ.

ಆದ್ದರಿಂದ ಇನ್ನೊಮ್ಮೆ ಮಗಳು ಬಾಗಿಲಿಗೆ ಬಂದು ಪ್ರಶ್ನೆ ಕೇಳಿದರೆ "ನನಗೇನು ತಿಳಿಯುತ್ತದೆ" ಎನ್ನಬೇಡಿ. ಆ ಮಾತು ಕೇಳಿ ಕೇಳಿ ಒಂದು ದಿನ ಅವಳೂ ತನ್ನ ಬಗ್ಗೆ ಹಾಗೆಯೇ ಹೇಳಿಕೊಂಡು ಶಾಲೆ ಬಿಟ್ಟಾಳು. ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಳ್ಳಾಗಡ್ಡಿಯ ಒಳಪದರದ ತೆಳು ಸಿಪ್ಪೆ ಬಿಡಿಸಿ ಕೊಟ್ಟು, "ಇದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು ನನಗೂ ಹೇಳು ಬೇಟಾ" ಎನ್ನಿ. ಅವಳು ಬಂದು ಹೇಳುತ್ತಾಳೆ. ನೀವು ಕೇಳಿರಿ.

ವಸ್ಸಲಾಮ್.