ಪಿಸ್ತೂಲು ಕೈಗೆ ಒಪ್ಪಬೇಕು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ರೈತರ ಮಕ್ಕಳಿಗೆ ಬೆಳೆ ಕಾಯುವ ಕೋವಿ ಹೊಸದಲ್ಲ. ಗುರಿಸ್ಪರ್ಧೆಯ ಪಿಸ್ತೂಲು ಹೊಸದು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಬೆಳ್ಳಿಯ ಪದಕ ಗಳಿಸಿದುದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಈ ಕ್ರೀಡೆಗೆ ಇಳಿಯಬಯಸುವ ವಿದ್ಯಾರ್ಥಿಯು ಮೊದಲು ವಿಚಾರಿಸುವುದು ತಯಾರಕರ ಹೆಸರನ್ನು. ಮೊದಲು ಅಳೆಯಬೇಕಾದುದು ತನ್ನ ಅಂಗೈಯನ್ನು ಎಂಬುದು ನಮ್ಮ ಅಭಿಪ್ರಾಯ.

ಗುರಿ ನೋಡುವ ಹಿಂದಿನ ಕಚ್ಚಿಗೂ ಮುಂದಿನ ಮೊನೆಗೂ ನಡುವಣ ಅಂತರ 30 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಮೊನೆಯು 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 33 ಮಿ.ಮೀ.ನಷ್ಟು ತಪ್ಪುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವಾದರೋ 11.5 ಮಿ.ಮೀ. ಮಾತ್ರ! ಹಿಡಿ ದಪ್ಪವಾಗಿದ್ದು ಬೆರಳು ಟ್ರಿಗರನ್ನು ಓರೆಯಾಗಿ ಎಳೆದರೆ ಆ 1 ಮಿ.ಮೀ. ಸರಿಯಲು ತಡವಿಲ್ಲ. ಒದೆತವನ್ನು ದೂರುವಂತೆಯೂ ಇಲ್ಲ: ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ, 1 ಕಿ.ಗ್ರಾಂ. ತೂಕದ ಪಿಸ್ತೂಲು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 7.5 ಸೆಂ.ಮೀ. ಅಷ್ಟೆ.

ಪಿಸ್ತೂಲು ನಂಬಿಕೆಗೆ ಅರ್ಹವೇ? ತರಬೇತುದಾರರ ಸಮ್ಮುಖದಲ್ಲಿ ಅದನ್ನು ಮರಳುಚೀಲದ ಮೇಲಿರಿಸಿ ಐದು ಗುಂಡು ಹೊಡೆಯಿರಿ. ಐದೂ ಒತ್ತಾಗಿ ಬಿದ್ದು, ಕೈಯಲ್ಲಿ ಹಿಡಿದಾಗ ಚದರಿದರೆ ದೋಷ ನಳಿಗೆಯದಲ್ಲ. ಹಿಡಿಯದು, ಇಲ್ಲವೆ ಅಭ್ಯಾಸದ್ದು. ಮರದ ಹಿಡಿಯನ್ನು ಅರದಿಂದ ಉಜ್ಜಿ ಕೈಗೆ ಹೊಂದಿಸಿಕೊಳ್ಳಬಹುದು. ಹೊಸ ಪಿಸ್ತೂಲಿಗೆ ಹಣ ಕೂಡಿಸುವುದು ಆಮೇಲಿನ ಮಾತು.