ಕೋವಿಗೆ ಕಣ್ಣಾದ ಕ್ಯಾಮೆರಾ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ ಬೇಟೆಯ ಋತು ವಿಧ್ಯುಕ್ತವಾಗಿ ಆರಂಭವಾಗುವುದು ಆಗಸ್ಟ್ ತಿಂಗಳ ನಡುವಿನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ. ಆದರೆ ಬೇಟೆಗಾರನ ಪಾಲಿಗೆ ಅದು ಎರಡು ಮೂರು ತಿಂಗಳು ಮೊದಲೇ ಶುರುವಾಗಿರುತ್ತದೆ. ಬೇಸಿಗೆಯ ರಜಾ ದಿನಗಳಲ್ಲಿ ಆತ ಕಾಡಿಗೆ ಹೋಗುತ್ತಾನೆ. ನೀರಿನ ಹೊಂಡದ ದಂಡೆಯ ಮೇಲೋ, ಎಲ್ಕ್‌ಗಳು ಮೈಹೊರಳಿಸುವ ಕೆಸರುಗುಂಡಿಯ ಪಕ್ಕದಲ್ಲೋ ಮರವೊಂದನ್ನು ಆರಿಸಿ, ಅಂಗೈಗಿಂತ ತುಸು ದೊಡ್ಡದಾದ ಪೆಟ್ಟಿಗೆಯೊಂದನ್ನು ಪಟ್ಟಿಯಿಂದ ಬಿಗಿದು ಬರುತ್ತಾನೆ. ಮುಂದಿನ ವಾರಗಳಲ್ಲಿ ಆ ದಾರಿಯಲ್ಲಿ ಹಾಯುವ ಪ್ರತಿಯೊಂದು ಪ್ರಾಣಿಯ ಚಿತ್ರವೂ, ಹಾದುಹೋದ ದಿನಾಂಕ ಮತ್ತು ಗಳಿಗೆಯ ಸಮೇತ, ಆ ಪೆಟ್ಟಿಗೆಯಲ್ಲಿ ದಾಖಲಾಗುತ್ತಾ ಹೋಗುತ್ತದೆ. ಟ್ರೇಲ್ ಕ್ಯಾಮೆರಾ ಎಂದು ಕರೆಯಲಾಗುವ ಈ ಸಾಧನವೇ ಇಂದು ಆ ರಾಜ್ಯಗಳಲ್ಲಿ ವಿವಾದದ ವಸ್ತುವಾಗಿದೆ.

ಋತುವಿಗೆ ಮುನ್ನ ಪ್ರಾಣಿಗಳ ಸುಳಿವು ಹಿಡಿಯುವುದು ಹೊಸದೇನಲ್ಲ. ಹೆಜ್ಜೆ ನೋಡುವುದು, ಲದ್ದಿ ನೋಡುವುದು, ಕೊಂಬು ಉಜ್ಜಿದ ಮರದ ತೊಗಟೆ ಹುಡುಕುವುದು ಎಲ್ಲ ದೇಶಗಳ ಬೇಟೆಗಾರರಿಗೂ ಗೊತ್ತಿದ್ದ ವಿದ್ಯೆ. ಆದರೆ ಜಾಡು ಹಿಡಿಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ ಬೇಟೆಯ ಸ್ವರೂಪವೇ ಬದಲಾಗುತ್ತದೆಯೇ ಎಂಬುದು ಈಗಿನ ಪ್ರಶ್ನೆ. ನೆವಾಡ 2018ರಲ್ಲಿ ಸಾರ್ವಜನಿಕ ಭೂಮಿಯಲ್ಲಿ ಆಗಸ್ಟ್ 1ರಿಂದ ಡಿಸೆಂಬರ್ 31ರವರೆಗೆ ಇಂತಹ ಕ್ಯಾಮೆರಾಗಳನ್ನು ನಿಷೇಧಿಸಿತು. ಚಿತ್ರವನ್ನು ಆಗಿಂದಾಗ್ಗೆ ಮೊಬೈಲ್ ಫೋನಿಗೆ ರವಾನಿಸುವ ಮಾದರಿಗಳಿಗೆ ಈ ನಿಷೇಧ ಜುಲೈ 1ರಿಂದಲೇ ಅನ್ವಯ. ಅರಿಜೋನಾದ ವನ್ಯಜೀವಿ ಆಯೋಗ 2021ರ ಜೂನ್‌ನಲ್ಲಿ ಸರ್ವಾನುಮತದಿಂದ ಇನ್ನೂ ಕಠಿಣವಾದ ನಿರ್ಧಾರ ಕೈಗೊಂಡಿತು. ಬೇಟೆಗಾಗಿ ಅಥವಾ ಬೇಟೆಗೆ ನೆರವಾಗಲೆಂದು ಟ್ರೇಲ್ ಕ್ಯಾಮೆರಾ ಬಳಸುವುದು ಅಲ್ಲಿ 2022ರ ಜನವರಿ 1ರಿಂದ ವರ್ಷವಿಡೀ ಅಪರಾಧ. ಅದಾದ ಮೂರೇ ದಿನಕ್ಕೆ ಯೂಟಾದ ವನ್ಯಜೀವಿ ಮಂಡಳಿ 4-3 ಮತಗಳ ಅಂತರದಿಂದ ಜುಲೈ 31ರಿಂದ ಡಿಸೆಂಬರ್ 31ರವರೆಗಿನ ನಿಷೇಧಕ್ಕೆ ಒಪ್ಪಿಗೆ ಕೊಟ್ಟಿತು. ಜಿಂಕೆ ಬೇಟೆಯೇ ಪ್ರಧಾನವಾಗಿರುವ ಕಾನ್ಸಸ್ ಕೂಡ 2023ರಲ್ಲಿ ತನ್ನ ವನ್ಯಜೀವಿ ಇಲಾಖೆಯ ಸಾರ್ವಜನಿಕ ಭೂಮಿಯಿಂದ ಇವನ್ನು ಹೊರಹಾಕಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ನಿಯಮಗಳನ್ನು ತಂದವರು ಬೇಟೆಯ ವಿರೋಧಿಗಳಲ್ಲ. ಬೇಟೆಯನ್ನು ನಿರ್ವಹಿಸುವ, ಪರವಾನಗಿ ಕೊಡುವ ಸಂಸ್ಥೆಗಳೇ ಇವನ್ನು ರೂಪಿಸಿವೆ. ಪರವಾಗಿಯೂ ವಿರೋಧವಾಗಿಯೂ ವಾದಿಸಿದವರಲ್ಲಿ ಹೆಚ್ಚಿನವರು ಬೇಟೆಗಾರರೇ. ಅಂದರೆ ಇದು ಮನೆಯೊಳಗಿನ ಜಗಳ.

ಎಲ್ಕ್ ಎಂದರೆ ನಮ್ಮ ಕಾಡುಗಳ ಕಡವೆಯ ದೂರದ, ಆದರೆ ಇನ್ನೂ ಭಾರಿ ಮೈಕಟ್ಟಿನ ಸಂಬಂಧಿ. ಬಲಿತ ಗಂಡು 300 ಕಿಲೋಗ್ರಾಂ ದಾಟುತ್ತದೆ. ಪ್ರತಿ ವರ್ಷ ಉದುರಿ ಮತ್ತೆ ಮೂಡುವ ಅದರ ಕವಲುಗೊಂಬು ಅಮೆರಿಕದ ಬೇಟೆಗಾರನ ಬಹುಕಾಲದ ಆಸೆ. ಐರೋಪ್ಯರು ಕಾಲಿಡುವ ಮೊದಲು ಆ ಖಂಡದಲ್ಲಿ ಒಂದು ಕೋಟಿಯಷ್ಟು ಎಲ್ಕ್‌ಗಳಿದ್ದವೆಂಬ ಅಂದಾಜಿದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಒಂದು ಲಕ್ಷವೂ ಉಳಿದಿರಲಿಲ್ಲ. ಅರಿಜೋನಾದ ಮೂಲ ತಳಿಯಂತೂ ನಿರ್ನಾಮವೇ ಆಗಿ, 1913ರಲ್ಲಿ ಯೆಲ್ಲೊಸ್ಟೋನ್‌ನಿಂದ ರೈಲಿನಲ್ಲಿ ಎಲ್ಕ್‌ಗಳನ್ನು ತಂದು ಬಿಡಬೇಕಾಯಿತು. ಇಂದು ಉತ್ತರ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್‌ಗಳಿವೆ. ಪರವಾನಗಿ ಶುಲ್ಕ ಮತ್ತು 1937ರ ಕಾಯಿದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯಿಂದ ಬಂದ ಹಣ ಈ ಚೇತರಿಕೆಯ ಹಿಂದಿದೆ. ಆದ್ದರಿಂದಲೇ ‘ಈ ಪ್ರಾಣಿಯನ್ನು ಉಳಿಸಿದವರು ನಾವು’ ಎಂಬ ಅಭಿಮಾನ ಅಲ್ಲಿನ ಬೇಟೆಗಾರನಿಗಿದೆ. ಹೇಗೆ ಬೇಟೆಯಾಡಬೇಕೆಂಬ ಚರ್ಚೆ ಅಷ್ಟು ಕಾವೇರಲು ಇದೂ ಒಂದು ಕಾರಣ.

ಪರವಾನಗಿ ಸುಲಭವಾಗಿ ಸಿಗುವಂಥದ್ದೂ ಅಲ್ಲ. ಅರಿಜೋನಾ, ಯೂಟಾ, ನೆವಾಡಗಳ ಉತ್ತಮ ಪ್ರದೇಶಗಳಲ್ಲಿ ದೊಡ್ಡ ಗಂಡು ಎಲ್ಕ್ ಬೇಟೆಯ ಪರವಾನಗಿಯನ್ನು ಲಾಟರಿಯ ಮೂಲಕ ಹಂಚಲಾಗುತ್ತದೆ. ಅರ್ಜಿ ಹಾಕಿ ಹಾಕಿ ಹತ್ತು, ಹದಿನೈದು ವರ್ಷ ಕಾದವರಿದ್ದಾರೆ. ಅಷ್ಟು ಕಾದು ಸಿಕ್ಕಿದ ಒಂದು ಅವಕಾಶವನ್ನು ಅದೃಷ್ಟಕ್ಕೆ ಬಿಡಲು ಯಾರಿಗೆ ಮನಸ್ಸು ಬಂದೀತು? ನೂರು ಡಾಲರಿಗೂ ಕಡಿಮೆ ಬೆಲೆಗೆ ಕ್ಯಾಮೆರಾ ದೊರೆಯುವಾಗ ಒಂದರ ಬದಲು ಹತ್ತು ಕಟ್ಟುವುದು ಸಹಜವೇ ಆಯಿತು. ಹಣ ಪಡೆದು ಬೇಟೆ ಏರ್ಪಡಿಸುವ ವೃತ್ತಿಪರ ಮಾರ್ಗದರ್ಶಕರು ಕಟ್ಟುವ ಕ್ಯಾಮೆರಾಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮರುಭೂಮಿಯ ರಾಜ್ಯಗಳಲ್ಲಿ ಸಮಸ್ಯೆ ಮೊದಲು ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ. ದಟ್ಟ ಕಾಡಿನಲ್ಲಿ ಪ್ರಾಣಿ ಎಲ್ಲಿ ಬೇಕಾದರೂ ನೀರು ಕುಡಿಯುತ್ತದೆ. ಅರಿಜೋನಾದ ಒಣ ಪ್ರದೇಶದಲ್ಲಿ ಮೈಲುಗಟ್ಟಲೆ ದೂರಕ್ಕೊಂದು ನೀರಿನ ನೆಲೆ. ಅವುಗಳಲ್ಲಿ ಹಲವು ವನ್ಯಜೀವಿಗಳಿಗಾಗಿಯೇ ಮನುಷ್ಯರು ಕಟ್ಟಿದ ತೊಟ್ಟಿಗಳು. ಅವುಗಳ ಸ್ಥಳ ನಕಾಶೆಯಲ್ಲೇ ಇದೆ. ಹೀಗಾಗಿ ಒಂದೇ ಹೊಂಡದ ಸುತ್ತ ಹತ್ತಾರು ಕ್ಯಾಮೆರಾಗಳು ಕಣ್ಣಿಟ್ಟು ನಿಂತವು. ಕಾರ್ಡಿನಲ್ಲಿ ಚಿತ್ರ ಉಳಿಸುವ ಮಾದರಿಯ ಕ್ಯಾಮೆರಾವಾದರೆ ಅದನ್ನು ತೆಗೆದುಕೊಳ್ಳಲು ಮಾಲೀಕ ಮತ್ತೆ ಮತ್ತೆ ಅಲ್ಲಿಗೆ ಹೋಗಲೇಬೇಕು. ವಾಹನದ ಸದ್ದು, ಮನುಷ್ಯನ ವಾಸನೆ, ಇವುಗಳ ನಡುವೆ ಪ್ರಾಣಿ ನೀರಿಗೆ ಬರಲು ಹಿಂಜರಿಯುತ್ತದೆ. ದನ ಮೇಯಿಸುವವರಿಗೆ ತಮ್ಮ ಜಾನುವಾರುಗಳು ಬೆದರುತ್ತವೆಂಬ ಅಳಲು. ಕ್ಯಾಮೆರಾ ಕಳವು, ಪರಸ್ಪರ ಆರೋಪ, ಕಾದಾಟ ಬೇರೆ. ಬಾಯಾರಿದ ಪ್ರಾಣಿಗೆಂದು ಕಟ್ಟಿದ ತೊಟ್ಟಿಯೇ ಅದರ ಗುಟ್ಟು ಬಯಲಾಗುವ ಜಾಗವಾದದ್ದು ವಿಪರ್ಯಾಸ.

ಇನ್ನೊಂದು ವಿಪರ್ಯಾಸ ಈ ಸಾಧನದ ಚರಿತ್ರೆಯಲ್ಲೇ ಇದೆ. ಕಾಡುಪ್ರಾಣಿ ತಾನಾಗಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ತಂತಿ ಕಟ್ಟಿ ಕ್ಯಾಮೆರಾ ಇಟ್ಟವರಲ್ಲಿ ಮೊದಲಿಗ ಜಾರ್ಜ್ ಶೈರಸ್. ಆತ ಮೊದಲು ಬೇಟೆಗಾರ. ಬಂದೂಕು ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡವನು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಆತನ 74 ಚಿತ್ರಗಳನ್ನು ಪ್ರಕಟಿಸಿದಾಗ ಜನ ಬೆರಗಾದರು. ಭಾರತದಲ್ಲಿ 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಅದೇ ಉಪಾಯದಿಂದ ಹುಲಿಗಳ ಚಿತ್ರ ತೆಗೆದರು. ಹುಲಿಯನ್ನು ಕೊಲ್ಲುವುದಕ್ಕಿಂತ ಚಿತ್ರ ತೆಗೆಯುವುದೇ ಹಿರಿದೆಂಬುದು ಅವರ ನಿಲುವಾಗಿತ್ತು. ಕರ್ನಾಟಕಕ್ಕಂತೂ ಈ ಕ್ಯಾಮೆರಾ ಪರಿಚಯವಾದದ್ದು ಪೂರ್ಣವಾಗಿ ರಕ್ಷಣೆಯ ಸಾಧನವಾಗಿಯೇ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, 1995ರಲ್ಲಿ ಪ್ರಕಟಿಸಿದ ಎಣಿಕೆಯ ವಿಧಾನ ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯೇ ನಿಂತಿರುವ ಭಾರತದಲ್ಲಿ, ಕ್ಯಾಮೆರಾ ಮತ್ತು ಕೋವಿ ಜತೆಯಾಗಿ ಕಾಡಿಗೆ ಹೋಗುವ ದೃಶ್ಯವನ್ನು ಕಳ್ಳಬೇಟೆಯ ಭಯವಾಗಿ ಮಾತ್ರ ಊಹಿಸಿಕೊಳ್ಳಬಹುದು. ಎಣಿಸುವವನಿಗೂ ಹೊಡೆಯುವವನಿಗೂ ಬೇಕಾದ ಮಾಹಿತಿ ಒಂದೇ ಎಂಬುದನ್ನು ಅಮೆರಿಕದ ವಿವಾದ ನೆನಪಿಸುತ್ತದೆ.

ನಿಷೇಧವನ್ನು ವಿರೋಧಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಕ್ಯಾಮೆರಾ ಇದ್ದಮಾತ್ರಕ್ಕೆ ಎಲ್ಕ್ ಬಿದ್ದಂತಲ್ಲ. ಎಲ್ಕ್ ಬೇಟೆಗೆ ಹೋದವರಲ್ಲಿ ಹೆಚ್ಚಿನವರು ಇಂದಿಗೂ ಬರಿಗೈಯಲ್ಲಿ ಮರಳುತ್ತಾರೆ. ಎಷ್ಟು ಪ್ರಾಣಿ ಸಾಯಬೇಕೆಂಬುದನ್ನು ಪರವಾನಗಿಯ ಸಂಖ್ಯೆ ನಿಯಂತ್ರಿಸುತ್ತದೆ, ಕ್ಯಾಮೆರಾ ಅಲ್ಲ. ವಾರವಿಡೀ ಕೂಲಿ ಮಾಡಿ ಭಾನುವಾರ ಮಾತ್ರ ಬಿಡುವಿರುವ ಬಡಗಿಗೆ, ಬೆಟ್ಟ ಹತ್ತಲಾಗದ ವೃದ್ಧನಿಗೆ ಈ ಅಗ್ಗದ ಪೆಟ್ಟಿಗೆಯೇ ಆಸರೆ. ತಿಂಗಳುಗಟ್ಟಲೆ ಕಾಡಿನಲ್ಲಿರಬಲ್ಲ ಸ್ಥಿತಿವಂತನಿಗೆ, ಅಥವಾ ದುಬಾರಿ ಮಾರ್ಗದರ್ಶಕನನ್ನು ನೇಮಿಸಿಕೊಳ್ಳಬಲ್ಲವನಿಗೆ ಕ್ಯಾಮೆರಾ ಇಲ್ಲದಿದ್ದರೂ ನಷ್ಟವಿಲ್ಲ. ಹಾಗಿರುವಾಗ ನಿಷೇಧದ ಪೆಟ್ಟು ಬೀಳುವುದು ಯಾರಿಗೆ ಎಂದು ಅವರು ಕೇಳುತ್ತಾರೆ. ಹಲವು ಮತದಾರರ ನೆಲದಲ್ಲಿ ಈ ಪ್ರಶ್ನೆಗೆ ತೂಕವಿದೆ. ಯೂಟಾದಲ್ಲಿ ಮೂವರು ಸದಸ್ಯರು ವಿರುದ್ಧ ಮತ ಹಾಕಿದ್ದು ಇದನ್ನೇ ಸೂಚಿಸುತ್ತದೆ.

ಆದರೂ ಇದರ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ಅಮೆರಿಕದಲ್ಲಿ ಕಾಡುಪ್ರಾಣಿ ಖಾಸಗಿ ಸೊತ್ತಲ್ಲ. ಜನರ ಪರವಾಗಿ ರಾಜ್ಯ ಕಾಯ್ದುಕೊಳ್ಳುವ ಸಂಪತ್ತು ಎಂಬ ತತ್ವ ಅಲ್ಲಿನ ವ್ಯವಸ್ಥೆಯ ಬುನಾದಿ. ನೆವಾಡದ ಸುಮಾರು ಶೇ. 80ರಷ್ಟು ನೆಲ ಒಕ್ಕೂಟ ಸರ್ಕಾರದ್ದು. ಇಂತಹ ಎಲ್ಲರ ನೆಲದಲ್ಲಿ ನೂರಾರು ಕ್ಯಾಮೆರಾ ಕಟ್ಟಿ, ದೊಡ್ಡ ಕೊಂಬಿನ ಗಂಡುಗಳ ಓಡಾಟದ ಪಟ್ಟಿ ಮಾಡಿಕೊಂಡು, ಆ ತಿಳಿವಳಿಕೆಯನ್ನು ಗಿರಾಕಿಗೆ ಮಾರುವುದು ಎಲ್ಲರ ಸೊತ್ತನ್ನು ಸದ್ದಿಲ್ಲದೆ ತನ್ನದಾಗಿಸಿಕೊಂಡಂತೆಯೇ. ಯೂಟಾದ ನಿಯಮ ಬೇಟೆಗೆ ನೆರವಾಗುವ ಇಂತಹ ಚಿತ್ರಗಳ ಮಾರಾಟಕ್ಕೂ ತಡೆ ಹಾಕಿರುವುದು ಈ ಕಾರಣಕ್ಕೆ. ಇಡೀ ವಿವಾದದಲ್ಲಿ ಹೆಚ್ಚು ಚರ್ಚೆಯಾಗದಿದ್ದರೂ ಅತ್ಯಂತ ಅರ್ಥಪೂರ್ಣವಾದ ಅಂಶ ಬಹುಶಃ ಇದೇ.

ನಿಯಮಗಳ ಸ್ವರೂಪದಲ್ಲಿ ಮಾತ್ರ ಗುಣದೋಷಗಳಿವೆ. ಅರಿಜೋನಾ ನಿಷೇಧಿಸಿರುವುದು ವಸ್ತುವನ್ನಲ್ಲ, ಉದ್ದೇಶವನ್ನು. ಸಂಶೋಧನೆಗೆ, ದನ ಕಾಯಲು, ಬರಿಯ ಛಾಯಾಚಿತ್ರದ ಹವ್ಯಾಸಕ್ಕೆ ಅಲ್ಲಿ ಅಡ್ಡಿಯಿಲ್ಲ. ಮರಕ್ಕೆ ಕಟ್ಟಿದ ಪೆಟ್ಟಿಗೆಯ ಹಿಂದಿನ ಉದ್ದೇಶವನ್ನು ವನರಕ್ಷಕ ಹೇಗೆ ಓದಬೇಕು? ಕಾನೂನು ಚಾಪೆಯ ಕೆಳಗೆ ತೂರಿದರೆ ಜಾಣ ರಂಗೋಲಿಯ ಕೆಳಗೆ ತೂರುತ್ತಾನೆ. ನೆವಾಡ, ಯೂಟಾಗಳ ದಿನಾಂಕದ ಲೆಕ್ಕ ಇದಕ್ಕಿಂತ ಸರಳ. ಆದರೆ ಅದರಲ್ಲೂ ಒಂದು ತೆರಪು ಉಳಿದಿದೆ. ಜೂನ್ ಮತ್ತು ಜುಲೈ ತಿಂಗಳ ದೊಡ್ಡ ಭಾಗ, ಅಂದರೆ ಋತುಪೂರ್ವ ಶೋಧದ ಮುಖ್ಯ ಕಾಲವೇ, ಅಲ್ಲಿ ಮುಕ್ತ.

ಈ ತೆರಪನ್ನು ಕಾನೂನಿಗಿಂತ ಚೆನ್ನಾಗಿ ಮುಚ್ಚುವುದು ಎಲ್ಕ್‌ನ ಸ್ವಭಾವ. ಬೇಸಿಗೆಯಲ್ಲಿ ಗಂಡುಗಳು ಎತ್ತರದ ಹುಲ್ಲುಗಾವಲುಗಳಲ್ಲಿ ತಮ್ಮತಮ್ಮಲ್ಲೇ ಗುಂಪಾಗಿರುತ್ತವೆ. ಮಖಮಲ್ಲಿನಂತಹ ತೊಗಲಿನ ಹೊದಿಕೆಯೊಳಗೆ ಕೊಂಬು ಬೆಳೆಯುವ ಕಾಲವದು; ಕ್ಯಾಮೆರಾದಲ್ಲಿ ಅವು ಬಲು ಚೆನ್ನಾಗಿ ಮೂಡುತ್ತವೆ. ಆಗಸ್ಟ್‌ನಲ್ಲಿ ಆ ಹೊದಿಕೆ ಕಳಚಿಬೀಳುತ್ತದೆ, ಗುಂಪು ಒಡೆಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಬೆದೆಗೆ ಬಂದ ಗಂಡು ಹೆಣ್ಣುಗಳ ಹಿಂಡನ್ನು ಅರಸುತ್ತಾ, ಕಹಳೆಯಂತೆ ಕೂಗುತ್ತಾ ಬಹುದೂರ ಹೋಗಿರುತ್ತದೆ. ಜುಲೈ ತಿಂಗಳ ಚಿತ್ರವನ್ನು ನಂಬಿ ಅದೇ ಮರದ ಕೆಳಗೆ ಹೊಂಚು ಹಾಕಿದವನಿಗೆ ಸಿಗುವುದು ಹಳೆಯ ಹೆಜ್ಜೆ. ಅನುಭವಿ ಬೇಟೆಗಾರರು ಬೇಸಿಗೆಯ ಚಿತ್ರದಿಂದ ಇಂತಹ ಗಂಡು ಈ ಸೀಮೆಯಲ್ಲಿ ಇದೆ ಎಂಬುದನ್ನಷ್ಟೇ ತಿಳಿದು, ಋತುವಿನಲ್ಲಿ ಅದರ ಕೂಗಿಗೆ ಕಿವಿಗೊಡುತ್ತಾರೆ. ನೀರು ವಿರಳವಾದಲ್ಲಿ ಮಾತ್ರ ಈ ಮಾತು ಅಷ್ಟಾಗಿ ಹೊಂದುವುದಿಲ್ಲ. ಬೆದೆಯಲ್ಲಿದ್ದರೂ ಪ್ರಾಣಿ ಹೊಂಡಕ್ಕೆ ಮರಳಲೇಬೇಕು. ಅರಿಜೋನಾದ ನಿಯಮ ಉಳಿದವರಿಗಿಂತ ಬಿಗಿಯಾಗಿರುವುದಕ್ಕೆ ಈ ದೃಷ್ಟಿಯಿಂದ ಸಮರ್ಥನೆ ಇದೆ.

ನಿಜವಾದ ಆತಂಕ ಹುಟ್ಟಿಸಿರುವುದು ಚಿತ್ರವನ್ನು ಕ್ಷಣಾರ್ಧದಲ್ಲಿ ಫೋನಿಗೆ ಕಳುಹಿಸುವ ಮಾದರಿ. ಇಲ್ಲಿ ಋತುಪೂರ್ವ ಶೋಧಕ್ಕೂ ಬೇಟೆಗೂ ನಡುವಿನ ಅಂತರವೇ ಅಳಿಸಿಹೋಗುತ್ತದೆ. ಡೇರೆಯಲ್ಲಿ ಕುಳಿತವನಿಗೆ ಮೂರು ಮೈಲಿ ಆಚೆಯ ಹೊಂಡಕ್ಕೆ ಈಗ ತಾನೆ ಎಲ್ಕ್ ಬಂದಿದೆ ಎಂದು ತಿಳಿದರೆ ಅದು ಶೋಧವಲ್ಲ, ಕರೆ. ಥಿಯೊಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ದಾಖಲೆಯ ಕೊಂಬುಗಳ ಪಟ್ಟಿಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ಆಗಿಂದಾಗ್ಗೆ ಬರುವ ಇಂತಹ ಮಾಹಿತಿಯ ಬೆನ್ನು ಹತ್ತಿ ಹೊಡೆದ ಪ್ರಾಣಿಯನ್ನು ಅದು ಆ ಪಟ್ಟಿಗೆ ಸೇರಿಸುವುದಿಲ್ಲ. 2005ರಲ್ಲಿ ಟೆಕ್ಸಾಸ್‌ನಲ್ಲಿ, ಮನೆಯ ಕಂಪ್ಯೂಟರ್ ಮುಂದೆ ಕುಳಿತೇ ದೂರದ ಬಂದೂಕಿನ ಕುದುರೆ ಒತ್ತುವ ಅಂತರಜಾಲ ಬೇಟೆಯ ಯೋಜನೆ ಹೊರಬಿದ್ದಾಗ ರಾಜ್ಯ ರಾಜ್ಯಗಳು ಮುಂದೆ ಬಿದ್ದು ಅದನ್ನು ನಿಷೇಧಿಸಿದ್ದವು. ಅಂದು ಗೆರೆ ಎಳೆಯುವುದು ಸುಲಭವಾಗಿತ್ತು. ಏಕೆಂದರೆ ಕುದುರೆ ಒತ್ತುವ ಬೆರಳೇ ಕಾಡಿನಲ್ಲಿರಲಿಲ್ಲ. ಈಗ ಬೆರಳು ಕಾಡಿನಲ್ಲೇ ಇದೆ. ಕಣ್ಣು ಮಾತ್ರ ಬೇರೆಡೆ ಇದೆ.

ಸದ್ಯಕ್ಕೆ ಯೂಟಾದ ಬೇಟೆಗಾರ ಜುಲೈ ಕೊನೆಯ ವಾರ ಬೆಟ್ಟ ಹತ್ತಿ, ಮರದ ಪಟ್ಟಿ ಬಿಚ್ಚಿ, ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಇಳಿಯುತ್ತಾನೆ. ಬಿಲ್ಲುಬೇಟೆಯ ಋತು ತೆರೆಯಲು ಅಲ್ಲಿಂದ ಇನ್ನು ಎರಡು ಮೂರು ವಾರ. ಆ ಅವಧಿಯಲ್ಲಿ ಎಲ್ಕ್ ಎಲ್ಲಿದೆಯೆಂದು ತಿಳಿಯಬೇಕಾದರೆ ದುರ್ಬೀನು ಹಿಡಿದು, ಹೆಜ್ಜೆ ನೋಡಿ, ಬೆಳಗಿನ ಜಾವಕ್ಕೆ ಮುನ್ನ ಎದ್ದು ಕಾಲುನಡಿಗೆಯಲ್ಲಿ ಅವನೇ ಹೋಗಬೇಕು.